ಜಪಾನಿ ಕೊಲೆ ಕಾದಂಬರಿ: ಮೊದಲು ಯಾವುದು ಓದಬೇಕು?

ಒಗಟುಪ್ರಿಯ:
ಹೊಸಬರಿಗೆಲ್ಲ ಲೇಖಕ ಕೆಯ್ಗೊ ಹಿಗಾಶಿನೊನ ಪುಸ್ತಕ ಕೈಗಿಡುವುದು ಸರಿಯಲ್ಲ. ಆತನ ‘ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ (2005) ಕೊಂದವರು ಯಾರೆಂದು ಶುರುವಿನಲ್ಲೇ ಹೇಳಿಬಿಡುತ್ತದೆ. ಸುಳಿವು ಕೂಡಿಸಿ ಕೊಲೆಗಾರನನ್ನು ನಾವೇ ಹಿಡಿಯುವ ಆಟಕ್ಕೆ ಅಲ್ಲಿ ‘ಹೊಂಕಾಕು’ ಅನ್ನುತ್ತಾರೆ. ಅದು ಬೇಕಿದ್ದರೆ ಯೊಕೊಮಿಜೊ ಬರೆದ ‘ಹೊಂಜಿನ್ ಮರ್ಡರ್ಸ್’ (1946) ಮೊದಲು ಓದಿ. ಕಾಗದದ ಜಾರುಬಾಗಿಲಿನ ಮನೆಯಲ್ಲಿ ಒಳಗಿಂದ ಮುಚ್ಚಿದ ಕೋಣೆಯ ಕೊಲೆ ಕಟ್ಟುವುದೇ ಕಷ್ಟ. ಒಳಗಿಂದ ಭದ್ರಪಡಿಸಿದ ಗಟ್ಟಿ ಮರದ ಬಾಗಿಲು, ಹೊರಗೆ ಹೆಜ್ಜೆ ಮೂಡದ ಹಿಮ, ಇಷ್ಟರಲ್ಲೇ ಆತ ಸಾಧಿಸಿದ.

ನಕ್ಷೆಗಾರ:
ಒಪ್ಪಿದೆ. ಆದರೆ ಜನ ಪುಸ್ತಕ ಕೈಬಿಡುವುದು ಹೆಸರುಗಳ ಗೊಂದಲಕ್ಕೆ. ಯೊಕೊಮಿಜೊನ ‘ಇನುಗಾಮಿ’ಯಲ್ಲಿ ಸುಕೆಕಿಯೊ, ಸುಕೆತಾಕೆ, ಸುಕೆತೊಮೊ ಮೂವರೂ ಅಕ್ಕತಂಗಿಯರ ಮಕ್ಕಳು. ತಾಯಂದಿರ ಹೆಸರಿನಿಂದ ಹಿಡಿಯಿರಿ, ಕ್ರಮವಾಗಿ: ಮಾತ್ಸುಕೊ, ತಾಕೆಕೊ, ಉಮೆಕೊ. ಮಾತ್ಸು ಪೈನ್ ಮರ, ತಾಕೆ ಬಿದಿರು, ಉಮೆ ಪ್ಲಮ್. ವಂಶವೃಕ್ಷವನ್ನು ಬೇರೆ ಹಾಳೆಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ.
ಇನ್ನೊಂದು, ಕೋಣೆಯ ಅಳತೆ ಚಾಪೆಯಲ್ಲಿರುತ್ತದೆ. ನೆಲಕ್ಕೆ ಹಾಸುವ ಆ ಚಾಪೆಗೆ ತತಾಮಿ ಅನ್ನುತ್ತಾರೆ, ಒಂದು ಹೆಚ್ಚುಕಡಿಮೆ 3×6 ಅಡಿ. ಎಂಟು ಚಾಪೆಯ ಕೋಣೆ ಅಂದರೆ 12×12 ಅಡಿ. ಇದು ತಿಳಿಯದೆ ಕೊಲೆ ನಡೆದ ಮನೆಯ ನಕ್ಷೆ ನೋಡಿ ಪ್ರಯೋಜನವಿಲ್ಲ.

ರೈಲುಪಟ್ಟಿ:
ನಕ್ಷೆಯೊಂದೇ ಸಾಲದು ಸ್ವಾಮಿ. ಮಾತ್ಸುಮೊಟೊ ಸೆಯ್ಚೊನ ‘ಪಾಯಿಂಟ್ಸ್ ಅಂಡ್ ಲೈನ್ಸ್’ (1958) ನಿಂತಿರುವುದೇ ರೈಲ್ವೆ ವೇಳಾಪಟ್ಟಿಯ ಮೇಲೆ. ಕಥೆಯಲ್ಲಿ ಟೋಕಿಯೊ ನಿಲ್ದಾಣದ 13ನೇ ಪ್ಲಾಟ್‌ಫಾರ್ಮಿನಿಂದ 15ನೆಯದು ಕಾಣುವುದು ಸಂಜೆ 5:57ರಿಂದ 6:01ರವರೆಗೆ ಮಾತ್ರ. ಉಳಿದ ಹೊತ್ತು ನಡುವೆ ರೈಲು ಅಡ್ಡ. ಆ ನಾಲ್ಕು ನಿಮಿಷದಲ್ಲಿ ಸಾಕ್ಷಿಗಳು ಅಲ್ಲಿಗೆ ಬಂದದ್ದು ಆಕಸ್ಮಿಕವೋ, ಯಾರೋ ತಂದು ನಿಲ್ಲಿಸಿದ್ದೋ? ಮೊದಲ ಓದಿಗೆ ಇದಕ್ಕಿಂತ ಸ್ಪಷ್ಟವಾದ ಒಗಟಿಲ್ಲ.

ಒಗಟುಪ್ರಿಯ:
ಅದು ಅಲಿಬಿ, ಅಂದರೆ ಕೊಲೆಯ ಹೊತ್ತಿಗೆ ಬೇರೆಡೆ ಇದ್ದೆ ಎಂಬ ವಾದ, ಒಡೆಯುವ ಕಥೆ. ಯಾರ ಮೇಲೆ ಅನುಮಾನ ಎಂಬುದು ಬೇಗ ಗೊತ್ತಾಗುತ್ತದೆ. ಪೂರ್ತಿ ಆಟ ಬೇಕಾದವರಿಗೆ ಶಿಮಾದಾ ಸೋಜಿಯ ‘ಟೋಕಿಯೊ ಝೋಡಿಯಾಕ್’ (1981) ಇದೆ. ಲೇಖಕ ಕಥೆ ನಿಲ್ಲಿಸಿ ಓದುಗನಿಗೇ ಸವಾಲು ಹಾಕುತ್ತಾನೆ. ಅಲ್ಲಿ ಪುಸ್ತಕ ಮುಚ್ಚಿ ನಿಮ್ಮ ಉತ್ತರ ಬರೆದಿಟ್ಟೇ ಮುಂದೆ ಹೋಗಿ.

ಕ್ರಿಯಾಪದ:
ಇವನ್ನು ಕನ್ನಡಕ್ಕೆ ತರುವವರ ತೊಡಕು ಬೇರೆ. ಹೇಳುವ ರೀತಿಯಲ್ಲೇ ಓದುಗನನ್ನು ಏಮಾರಿಸುವ ತಂತ್ರ ಜಪಾನಿನಲ್ಲಿ ಬಹಳ ಬಳಕೆಯಲ್ಲಿದೆ. ಜಪಾನಿಯಲ್ಲಿ ಕರ್ತೃಪದ ಬಿಟ್ಟರೂ ವಾಕ್ಯ ನಡೆಯುತ್ತದೆ, ಕ್ರಿಯಾಪದಕ್ಕೆ ಲಿಂಗವಿಲ್ಲ. ನಮ್ಮಲ್ಲಿ ‘ಬಂದ’, ‘ಬಂದಳು’ ಅಂದ ಕ್ಷಣ ಪಾತ್ರ ಗಂಡೋ ಹೆಣ್ಣೋ ಎಂಬ ಗುಟ್ಟು ರಟ್ಟು.

ನಕ್ಷೆಗಾರ:
‘ಬಂದರು’ ಅಂತ ಗೌರವವಾಚಕ ಹಾಕಬಹುದಲ್ಲ?

ಕ್ರಿಯಾಪದ:
ಮೇಷ್ಟ್ರಿಗೆ, ಡಾಕ್ಟರಿಗೆ ಒಪ್ಪುತ್ತದೆ. ಹತ್ತೊಂಬತ್ತರ ವಿದ್ಯಾರ್ಥಿಗೆ ಹಾಕಿದರೆ ಓದುಗ ಅಲ್ಲೇ ಅನುಮಾನಪಡುತ್ತಾನೆ. ಎಲ್ಲ ಪಾತ್ರಗಳಿಗೂ ಮೊದಲ ಪುಟದಿಂದಲೇ ‘ಅರು’ ಹಚ್ಚಬೇಕು, ಇಲ್ಲವೇ ಆ ಪಾತ್ರದ ಭಾಗವನ್ನು ‘ನಾನು ಬಂದೆ’ ಎಂದು ಉತ್ತಮ ಪುರುಷದಲ್ಲಿ ಬರೆಯಬೇಕು. ಅದರಲ್ಲಿ ಕನ್ನಡವೂ ಲಿಂಗದ ಗುಟ್ಟು ಬಿಟ್ಟುಕೊಡುವುದಿಲ್ಲ.