ಸೆಟ್ ಕೈಯಲ್ಲಿದೆ, ಟರ್ನ್‌ನಲ್ಲಿ ಮೂರನೇ ಹಾರ್ಟ್ಸ್ ಬಿತ್ತು. ಈಗೇನು?

ಪ್ರಶ್ನೆ: ಸರ್, ಪೋಕರ್‌ನ ನೋ ಲಿಮಿಟ್ ಟೆಕ್ಸಾಸ್ ಹೋಲ್ಡೆಮ್ ಆಟದ ಒಂದು ಕೈ. ಬ್ಲೈಂಡ್ (ಇಬ್ಬರು ಮೊದಲೇ ಇಡಬೇಕಾದ ಕಡ್ಡಾಯ ಬೆಟ್) 50/100, ಇಬ್ಬರ ಮುಂದೆಯೂ 10,000 ಚಿಪ್ಸ್. ಬಟನ್‌ನಲ್ಲಿ (ಫ್ಲಾಪ್ ನಂತರ ಕೊನೆಗೆ ಆಡುವ ಜಾಗ) ನನ್ನ ಕೈಯಲ್ಲಿ ಇಸ್ಪೀಟ್ ಎಂಟು, ಡೈಮಂಡ್ ಎಂಟು. 250ಕ್ಕೆ ರೇಸ್ (ಬೆಟ್ ಏರಿಸುವುದು), ಬಿಗ್ ಬ್ಲೈಂಡ್ (100 ಇಟ್ಟವರು) ಒಬ್ಬರದೇ ಕಾಲ್ (ಅಷ್ಟೇ ಹಾಕಿ ಆಟದಲ್ಲಿ ಉಳಿಯುವುದು). ಫ್ಲಾಪ್ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ): ಹಾರ್ಟ್ಸ್ ರಾಜ, ಹಾರ್ಟ್ಸ್ ಎಂಟು, ಕ್ಲಬ್ಸ್ ಮೂರು. 550ರ ಪಾಟ್‌ಗೆ (ನಡುವೆ ಸೇರಿದ ಚಿಪ್ಸ್) 400 ಬೆಟ್, ಮತ್ತೆ ಕಾಲ್. ಟರ್ನ್ (ನಾಲ್ಕನೇ ಎಲೆ) ಹಾರ್ಟ್ಸ್ ಐದು. ಅವರು ಚೆಕ್ ಮಾಡಿದರು (ಬೆಟ್ ಇಡದೆ ಸರದಿ ಬಿಟ್ಟರು). ಅವರಿಗೆ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗಿರಬಹುದೆಂದು ಇಲ್ಲಿ ನಾವೂ ಚೆಕ್ ಮಾಡುವುದು ಸರಿಯೇ?

ಉತ್ತರ: ಸರಿಯಲ್ಲ. ಮೂರನೇ ಹಾರ್ಟ್ಸ್ ಕಂಡ ಕೂಡಲೇ ಕಣ್ಣೆಲ್ಲ ಫ್ಲಶ್ ಮೇಲೆಯೇ ನೆಡುತ್ತದೆ. ಆದರೆ ಫ್ಲಾಪ್‌ನಲ್ಲಿ ಕಾಲ್ ಮಾಡಿದವರ ಕೈಯಲ್ಲಿ ಫ್ಲಶ್ ಡ್ರಾ (ಫ್ಲಶ್‌ಗೆ ಒಂದು ಎಲೆ ಬಾಕಿ ಇರುವ ಕೈ) ಒಂದೇ ಇರುವುದಿಲ್ಲ. ರಾಜ-ರಾಣಿ, ರಾಜ-ಗುಲಾಮ, ರಾಜ-ಹತ್ತು ಕೂಡ ಅಲ್ಲೇ ಇವೆ. ಒಂದು ರಾಜ ಬೋರ್ಡ್ ಮೇಲೆ ಬಿದ್ದಿರುವುದರಿಂದ ರಾಜ-ರಾಣಿ ಬರುವುದು 12 ರೀತಿಯಲ್ಲಿ. ಅದರಲ್ಲಿ 3ರಲ್ಲಿ ಮಾತ್ರ ರಾಣಿ ಹಾರ್ಟ್ಸ್‌ನದು. ಉಳಿದ 9ಕ್ಕೆ ನಿಮ್ಮ ಸೆಟ್ (ಮೂರು ಎಂಟು) ಎದುರು ಗೆಲ್ಲಲು ಒಂದು ಎಲೆಯೂ ಇಲ್ಲ. ಈ ಕೈಗಳಿಂದ ಚಿಪ್ಸ್ ಬರುವುದು ಈಗಲೇ. ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ನಾಲ್ಕನೇ ಹಾರ್ಟ್ಸ್ ಬಿದ್ದರೆ ಅವರೂ ಹೆದರಿ ಕೈ ಬಿಡುತ್ತಾರೆ.

ಹಾರ್ಟ್ಸ್ ರಾಣಿ ಇರುವ ಆ 3 ಕೈಗಳ ಲೆಕ್ಕ ಬೇರೆ. ಕಾಣದೆ ಉಳಿದ ಹಾರ್ಟ್ಸ್ 9. ಅದರಲ್ಲಿ ಹಾರ್ಟ್ಸ್ ಮೂರು ಬಂದರೆ ನಿಮಗೆ ಫುಲ್ ಹೌಸ್ (ಒಂದೇ ಬೆಲೆಯ ಮೂರು ಎಲೆ, ಜೊತೆಗೆ ಒಂದು ಜೋಡಿ; ಫ್ಲಶ್‌ಗಿಂತ ದೊಡ್ಡದು), ಹಾಗಾಗಿ ಅವರಿಗೆ ದಕ್ಕುವುದು 8. ಉಳಿದ 44 ಎಲೆಗಳಲ್ಲಿ 8 ಅಂದರೆ ಸುಮಾರು ಶೇ 18. ಪಾಟ್ 1,350. ನೀವು 700 ಇಟ್ಟರೆ ಅವರಿಗೆ ಬೇಕಾದ ಅವಕಾಶ (ಕಾಲ್ ಆದ ಮೇಲಿನ 2,750ರ ಪಾಟ್‌ನಲ್ಲಿ ಅವರು ಹಾಕುವ 700ರ ಪಾಲು) ಶೇ 25, ಕಾಲ್ ಮಾಡಿದರೆ ತಪ್ಪು ಅವರದು. ಅಳುಕಿ 300 ಇಟ್ಟರೆ ಶೇ 15 ಸಾಕಾಗುತ್ತದೆ, ಆಗ ಅವರ ಕಾಲ್ ಸರಿಯಾಗಿಬಿಡುತ್ತದೆ. ಚೆಕ್ ಮಾಡಿದರಂತೂ ಆ ಎಲೆ ಅವರಿಗೆ ಪುಕ್ಕಟೆ. 600ರಿಂದ 800 ನನ್ನ ಆಯ್ಕೆ. ಪಾಟ್‌ಗಿಂತ ದೊಡ್ಡ ಬೆಟ್ ಬೇಡ, ಸೋತ ಕೈಗಳೆಲ್ಲ ಓಡಿಹೋಗಿ ಫ್ಲಶ್ ಮಾತ್ರ ಎದುರು ನಿಲ್ಲುತ್ತದೆ.

ಮರುಪ್ರಶ್ನೆ: ಅವರು ಚೆಕ್ ಮಾಡದೆ ತಾವೇ 900 ಇಟ್ಟರೆ? ರೇಸ್ ಮಾಡಬೇಕೇ?

ಉತ್ತರ: ಕಾಲ್ ಮಾತ್ರ. ರೇಸ್ ಮಾಡಿದರೆ ಒಂಟಿ ರಾಜ ಫೋಲ್ಡ್ ಆಗುತ್ತದೆ (ಕೈ ಬಿಡುತ್ತದೆ), ಫ್ಲಶ್ ಆಗುವುದಿಲ್ಲ. ನಾವು ಸೋಲಿಸಬಹುದಾದವರನ್ನು ಕಳಿಸಿ ನಮ್ಮನ್ನು ಸೋಲಿಸುವವರನ್ನು ಉಳಿಸಿಕೊಂಡ ಹಾಗೆ.

ಎದುರಿಗಿರುವುದು ಖಂಡಿತ ಫ್ಲಶ್ ಎಂದೇ ಇಟ್ಟುಕೊಳ್ಳೋಣ. ನಿಮ್ಮನ್ನು ಉಳಿಸುವ ಎಲೆಗಳು ಹತ್ತು: ಉಳಿದ ಒಂದು ಎಂಟು, ಮೂರು ರಾಜ, ಮೂರು ಐದು, ಮೂರು ಮೂರು. 44ರಲ್ಲಿ 10, ಅಂದರೆ ಶೇ 22.7. 900 ಕಾಲ್ ಮಾಡಿದಾಗ ಪಾಟ್ 3,150 ಆಗುತ್ತದೆ, ಬೇಕಾದದ್ದು ಶೇ 28.6. ಕೊರತೆ ಕಾಣುತ್ತದೆ. ಆದರೆ ಹತ್ತರಲ್ಲೊಂದು ಎಲೆ ಬಂದಾಗ ರಿವರ್‌ನಲ್ಲಿ ಸರಾಸರಿ 810 ಚಿಪ್ಸ್ ಹೆಚ್ಚು ಬಂದರೆ ಲೆಕ್ಕ ಸಮವಾಗುತ್ತದೆ. ಫ್ಲಶ್ ಹಿಡಿದವರು 3,150ರ ಪಾಟ್‌ನಲ್ಲಿ ಅಷ್ಟು ಕೊಡದೆ ಬಿಡುವುದು ಅಪರೂಪ. ಅವರ ಬಳಿ ಎರಡು ಜೋಡಿ ಅಥವಾ ಹಾರ್ಟ್ಸ್ ಎಕ್ಕ ಹಿಡಿದು ಆಡುವ ಬ್ಲಫ್ ಇದ್ದರೆ ನೀವು ಈಗಲೇ ಮುಂದಿದ್ದೀರಿ, ಅದು ಮೇಲಿನ ಲಾಭ.

ಹತ್ತು ಎಲೆಗಳೂ ಒಂದೇ ತೂಕದವಲ್ಲ. ಐದು ಅಥವಾ ಮೂರು ಬಂದರೆ ಹೆಚ್ಚುಕಡಿಮೆ ನೀವೇ ದೊರೆ. ರಾಜ ಬಂದಾಗ ರಾಜ-ಐದು, ರಾಜ-ಮೂರು ಹಿಡಿದವರ ಫುಲ್ ಹೌಸ್ ನಿಮ್ಮದಕ್ಕಿಂತ ದೊಡ್ಡದು. ಅಲ್ಲಿ ಬೆಟ್ ಇಡಿ, ಆದರೆ ಅವರು ದೊಡ್ಡ ರೇಸ್ ಮಾಡಿದರೆ ನಿಂತು ಯೋಚಿಸಿ.

ಎಲೆ ಬರದಿದ್ದಾಗ ಅವರು 3,150ಕ್ಕೆ 2,000 ಇಟ್ಟರೆ ಕಾಲ್‌ಗೆ ಬೇಕಾದದ್ದು ಶೇ 28. ಸಣ್ಣ ಮೇಜುಗಳಲ್ಲಿ ಟರ್ನ್, ರಿವರ್ ಎರಡರಲ್ಲೂ ಇಷ್ಟು ದೊಡ್ಡದಾಗಿ ಇಡುವವರು ಅಷ್ಟು ಸಲ ಬ್ಲಫ್ ಮಾಡುವುದಿಲ್ಲ ಎಂಬುದು ನನ್ನ ಅಂದಾಜು. ಫೋಲ್ಡ್ ಮಾಡಿ, ಸೆಟ್ ಆದರೂ ಸರಿ. ನಾಲ್ಕನೇ ಹಾರ್ಟ್ಸ್ ಬಿದ್ದರೆ ಯೋಚನೆಯೇ ಬೇಡ.

ಮರುಪ್ರಶ್ನೆ: ನಾವು 700 ಇಟ್ಟ ಮೇಲೆ ಅವರು ಚೆಕ್-ರೇಸ್ ಮಾಡಿದರೆ?

ಉತ್ತರ: ಮೊತ್ತ ನೋಡಿ. 2,200ಕ್ಕೆ ರೇಸ್ ಆದರೆ ನೀವು ಹಾಕಬೇಕಾದದ್ದು 1,500, ಬೇಕಾದದ್ದು ಶೇ 26. ಹಿಂದೆ ಇನ್ನೂ 7,150 ಉಳಿದಿರುತ್ತದೆ, ಕಾಲ್ ಮಾಡಿ. ಒಂದೇ ಸಲಕ್ಕೆ ಆಲ್-ಇನ್ (ಇದ್ದ ಚಿಪ್ಸ್ ಎಲ್ಲ) 9,350 ತಳ್ಳಿದರೆ ನೀವು 8,650 ಹಾಕಬೇಕು, ಬೇಕಾದದ್ದು ಶೇ 43. ರಿವರ್‌ನಲ್ಲಿ ಗಳಿಸಲು ಏನೂ ಉಳಿದಿಲ್ಲ. ಬರೀ ಹಾರ್ಟ್ಸ್ ಎಕ್ಕದ ಬಲದ ಮೇಲೆ ಹೀಗೆ ತಳ್ಳುವ ಆಟಗಾರ ಎಂದು ಗೊತ್ತಿದ್ದರೆ ಮಾತ್ರ ಕಾಲ್.

ಇನ್ನೊಬ್ಬರ ಪ್ರಶ್ನೆ: ಟೂರ್ನಮೆಂಟ್‌ನಲ್ಲಿ ಕೈಯಲ್ಲಿ 2,000 ಮಾತ್ರ ಇದ್ದು ಇದೇ ಸ್ಥಿತಿ ಬಂದರೂ ಫೋಲ್ಡ್ ಮಾಡಬೇಕೇ ಅಣ್ಣ?

ಉತ್ತರ: ಅಲ್ಲಿ ಫೋಲ್ಡ್ ಇಲ್ಲ ತಮ್ಮಾ. 650 ಆಗಲೇ ಹೋಗಿದೆ, ಉಳಿದದ್ದು 1,350, ಪಾಟ್ ಕೂಡ 1,350. ಅವರು ಚೆಕ್ ಮಾಡಿದರೆ ನೀನೇ ತಳ್ಳು. ಅವರು ತಳ್ಳಿದರೆ ಕಾಲ್‌ಗೆ ಬೇಕಾದದ್ದು ಶೇ 33. ಐದರಲ್ಲಿ ನಾಲ್ಕು ಸಲ ಫ್ಲಶ್, ಒಂದು ಸಲ ರಾಜದ ಜೊತೆ ಹಾರ್ಟ್ಸ್ ರಾಣಿ ಎಂದು ಹಿಡಿದರೂ ನೀನು ಗೆಲ್ಲುವುದು ಶೇ 34ರಷ್ಟು. ಬಹುಮಾನದ ಹೊಸ್ತಿಲಲ್ಲಿ, ಒಬ್ಬರು ಹೊರಬಿದ್ದರೆ ಉಳಿದವರಿಗೆಲ್ಲ ಬಹುಮಾನ ಎನ್ನುವಾಗ, ಈ ಅಂಚು ಸಾಲದು. ಅಲ್ಲಿ ಎದುರಾಳಿ ತಳ್ಳುವ ಕೈಗಳಲ್ಲಿ ಫ್ಲಶ್ ಅಲ್ಲದವು ಎಷ್ಟು ಎಂದು ಇನ್ನಷ್ಟು ಬಿಗಿಯಾಗಿ ಎಣಿಸಬೇಕು.

ಕೊನೆಯದೊಂದು, ಮೇಲಿನ ಲೆಕ್ಕವೆಲ್ಲ ಇಬ್ಬರೇ ಇದ್ದಾಗಿನದು. ಮೂರು ನಾಲ್ಕು ಜನ ಫ್ಲಾಪ್‌ಗೆ ಕಾಲ್ ಮಾಡಿದ್ದರೆ ಯಾರಿಗಾದರೂ ಫ್ಲಶ್ ಆಗಿರುವ ಸಾಧ್ಯತೆ ಏರುತ್ತದೆ. ಒಬ್ಬರು ಬೆಟ್ ಇಟ್ಟು ಇನ್ನೊಬ್ಬರು ರೇಸ್ ಮಾಡಿದ್ದರೆ ಬರೀ ಹತ್ತು ಎಲೆಗಳ ಬೆಲೆ ನೋಡಿ ನಿರ್ಧರಿಸಿ, ಮುಂದಿದ್ದೇವೆ ಎಂದುಕೊಳ್ಳಬೇಡಿ.