ಸಂಕದ ಮರದಲ್ಲಿ ಕಿತ್ತಳೆ ಬಣ್ಣದ ಪುಟಾಣಿ ಅಣಬೆ, ಏನಿದು?

ತೀರ್ಥಹಳ್ಳಿ_ತೋಟ:
ತೋಟಕ್ಕೆ ಹೋಗೋ ದಾರೀಲಿ ಹಳ್ಳಕ್ಕೆ ಹಾಕಿರೋ ಸಂಕ ಮತ್ತಿ ಮರದ್ದು, ಹಳೇದು. ಮಳೆ ಹಿಡಿದ ಮೇಲೆ ಅದರ ಬಿರುಕಲ್ಲೆಲ್ಲಾ ಸಾಲಾಗಿ ಕಿತ್ತಳೆ ಬಣ್ಣದ್ದು ಎದ್ದಿದೆ, ಉಗುರಿನಷ್ಟುದ್ದ, ಮುಟ್ಟಿದ್ರೆ ಜೆಲ್ಲಿ ಥರ ಮೆತ್ತಗೆ, ತುದಿ ಚಪ್ಪಟೆ. ಮಧ್ಯೆ ಬಿಸಿಲು ಬಿದ್ದಾಗ ಹೋಯ್ತು ಅಂದ್ಕೊಂಡ್ರೆ ಮತ್ತೆ ಮಳೆಗೆ ಅದೇ ಜಾಗದಲ್ಲಿ ಹಾಜರ್. ವಿಷದ್ದಾ? ಕೆರೆದು ಸುಣ್ಣ ಹಚ್ಚಿದ್ರೆ ಹೋಗುತ್ತಾ?

ಕಾಡುಸುತ್ತಿ:
ಫೋಟೋ ನೋಡಿದ್ರೆ ಡಾಕ್ರಿಯೋಪಿನಾಕ್ಸ್ ಸ್ಪ್ಯಾಥುಲಾರಿಯಾ ಅನ್ಸುತ್ತೆ. 1822ರಲ್ಲೇ ಅಮೆರಿಕದಲ್ಲಿ ಶ್ವೈನಿಟ್ಸ್ ಅನ್ನೋರು ಬೇರೆ ಹೆಸರಲ್ಲಿ ವರ್ಣಿಸಿದ್ದು, ಈಗಿನ ಹೆಸರು 1948ರದ್ದು. ಕ್ಯಾಲೋಸೆರಾ ಅಂತ ಇದರ ನೆಂಟ ಇದೆ, ಅದರ ತುದಿ ಚೂಪು, ನಿಮ್ದು ಚಪ್ಪಟೆ ಇರೋದ್ರಿಂದ ಇದೇ. ಬಿಸಿಲಿಗೆ ಎಲ್ಲೂ ಹೋಗಿರಲ್ಲ, ಒಣಗಿ ಮುರುಟಿ ಕಪ್ಪುಗೆಂಪಾಗಿ ಬಿರುಕೊಳಗೇ ಕೂತಿರುತ್ತೆ, ನೀರು ಬಿದ್ರೆ ಉಬ್ಬುತ್ತೆ.

ಊಟದ_ರಾಮ:
ಪಲ್ಯ ಆಗಲ್ವಾ ಮಾರಾಯ್ರೇ? 😄

ಕಾಡುಸುತ್ತಿ:
ಚೀನಾದಲ್ಲಿ ತಿಂತಾರೆ ನಿಜ. ಇನ್ನೂ ಮಜಾ ಅಂದ್ರೆ ಇದೇ ಫಂಗಸ್‌ನ ಫ್ಯಾಕ್ಟರೀಲಿ ಬೆಳೆಸಿ ತೆಗೆಯೋ ಗ್ಲೈಕೋಲಿಪಿಡ್ ಅನ್ನೋ ಸಕ್ಕರೆ-ಕೊಬ್ಬು ಸೇರಿದ ವಸ್ತುನ ಕೂಲ್‌ಡ್ರಿಂಕ್ಸ್ ಕೆಡದ ಹಾಗೆ ಹಾಕೋಕೆ ಯುರೋಪಿಯನ್ ಒಕ್ಕೂಟ 2022ರಲ್ಲಿ ಒಪ್ಪಿಗೆ ಕೊಟ್ಟಿದೆ, ಲೇಬಲ್ ಮೇಲೆ ಇ 246 ಅಂತ ಇರುತ್ತೆ. ಹಾಗಂತ ಇಲ್ಲಿ ಫೋಟೋ ನೋಡಿ ಹೇಳಿದ್ದನ್ನ ನಂಬಿ ಬಾಣಲೆಗೆ ಹಾಕ್ಬೇಡಿ.

ಬಡಗಿ_ಮನೆ:
ಎಲ್ಲಾ ಅಣಬೆ ಬಗ್ಗೇನೇ ಮಾತಾಡ್ತಿದೀರಲ್ಲ, ಸಂಕದ ಕಥೆ ಏನು? ಹೊರಗೆ ಕಾಣೋದು ಬರೀ ಬೀಜಕಣ ಹಾರಿಸೋ ಭಾಗ, ಅಸಲಿ ಫಂಗಸ್ ಮರದೊಳಗೆ ದಾರದ ಹಾಗೆ ಹಬ್ಬಿರುತ್ತೆ, ಕೆರೆದು ಸುಣ್ಣ ಹಚ್ಚಿದ್ರೆ ನಿಮ್ಗೆ ಸಮಾಧಾನ ಅಷ್ಟೆ. ಇದು ಬ್ರೌನ್ ರಾಟ್ ಜಾತಿ. ಮರದ ನಾರು ಅಂದ್ರೆ ಸೆಲ್ಯುಲೋಸ್ ತಿಂದು, ಆ ನಾರನ್ನ ಅಂಟಿನ ಹಾಗೆ ಹಿಡಿದಿರೋ ಲಿಗ್ನಿನ್ ಬಿಟ್ಟಿರುತ್ತೆ, ಮರ ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರಿಯುತ್ತೆ, ಆದ್ರೆ ಅದು ಕಣ್ಣಿಗೆ ಕಾಣೋ ಮೊದಲೇ ಗಟ್ಟಿತನ ಹೋಗಿರುತ್ತೆ ಅದೇ ತಾಪತ್ರಯ. ಕತ್ತಿ ಮೊನೆಯಿಂದ ಎರಡೂ ದಡದಲ್ಲಿ ಮಣ್ಣಿಗೆ ತಾಗೋ ಕಡೆ ಚುಚ್ಚಿ ನೋಡಿ, ಮಧ್ಯ ಅಲ್ಲ.

ತೀರ್ಥಹಳ್ಳಿ_ತೋಟ:
ಚುಚ್ಚಿದೆ ಅಣ್ಣಾ. ಈ ಕಡೆ ಗಟ್ಟಿ ಇದೆ, ತೋಟದ ಕಡೆ ದಡದಲ್ಲಿ ಕತ್ತಿ ಬೆಣ್ಣೆಗೆ ಹೋದಂಗೆ ಹೋಯ್ತು, ತಮಾಷೆ ಅಂದ್ರೆ ಆ ಕಡೆ ಅಣಬೆ ಒಂದೂ ಇಲ್ಲ. ಆ ತುದಿಗೆ ಕಲ್ಲು ಕೊಟ್ರೆ ಸಾಕಾ?

ಬಡಗಿ_ಮನೆ:
ಸಾಲಲ್ಲ, ಮರಾನೇ ಬದಲಾಯ್ಸಿ. ಅಲ್ಲೀವರೆಗೆ ಗೊನೆ ಹೊತ್ಕೊಂಡು ಯಾರನ್ನೂ ದಾಟಿಸ್ಬೇಡಿ. ಹೊಸದು ಹಾಕುವಾಗ ತುದಿ ಮಣ್ಣಿಗೆ ತಾಗದ ಹಾಗೆ ಕಲ್ಲಿನ ಮೇಲೆ ಕೂರಿಸಿ, ನೀರು ಇಳಿದು ಹೋಗ್ಲಿ.