ಅಪ್‌ಡೇಟ್: ಮೆಕಾಟ್ರಾನಿಕ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತಗೊಂಡೆ

ಎರಡು ವರ್ಷದ ಹಿಂದೆ ಇಲ್ಲಿ ಕೇಳಿದ್ದೆ: ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮೆಕಾಟ್ರಾನಿಕ್ಸ್ (ಯಂತ್ರ, ಎಲೆಕ್ಟ್ರಾನಿಕ್ಸ್, ಕೋಡಿಂಗ್ ಮೂರೂ ಸೇರಿದ ಎಂಜಿನಿಯರಿಂಗ್) ಒಂದೇ ಆದರೆ 4 ವರ್ಷ, ಕಂಪ್ಯೂಟರ್ ಸೈನ್ಸ್ ಸೇರಿಸಿದರೆ 5, ಆ ಒಂದು ವರ್ಷ ಕೊಡಬಹುದಾ ಅಂತ. "ಕೊಡು" ಅಂದವರ ಮಾತು ಕೇಳಿದೆ. ಪಶ್ಚಾತ್ತಾಪ ಇಲ್ಲ.

ಮೊದಲ ಟರ್ಮ್ ಮಾತ್ರ ಕಷ್ಟವಾಯಿತು. ಪಾಠ ಹತ್ತೇ ವಾರ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಯಿಂಟರ್ (ಮೆಮೊರಿಯ ವಿಳಾಸ), ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ಮಾಹಿತಿಯ ಸಾಲು) ತಲೆಗೆ ಹತ್ತುವಷ್ಟರಲ್ಲಿ ಪರೀಕ್ಷೆ ಬಂದಿತ್ತು.

ಎರಡೂ ವಿಷಯ ಒಂದಾಗಿದ್ದು ಲ್ಯಾಬಿನಲ್ಲಿ. ನಮ್ಮ ಪುಟ್ಟ ರೋಬಾಟ್ ನೇರ ಹೋಗದೆ ಎಡಕ್ಕೇ ವಾಲುತ್ತಿತ್ತು. ಎರಡೂ ಮೋಟರ್‌ಗೆ ಒಂದೇ ವೋಲ್ಟೇಜ್ ಕೊಟ್ಟರೂ ಬಲಚಕ್ರ ತುಸು ವೇಗ. ಚಕ್ರ ಎಷ್ಟು ತಿರುಗಿತು ಅಂತ ಅಳೆಯುವ ಎನ್‌ಕೋಡರ್‌ನ ಎಣಿಕೆ ಓದಿ, ವ್ಯತ್ಯಾಸ ನೋಡಿ ವೇಗ ತಿದ್ದುತ್ತಲೇ ಇರುವ ಪಿಐಡಿ ಎಂಬ ನಿಯಂತ್ರಣ ವಿಧಾನದ ಕೋಡ್ ಬರೆದೆವು. ಗೇನ್ (ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಅಳತೆ) ಹೆಚ್ಚಾದಾಗ ಹಾವಿನಂತೆ ಅತ್ತಿತ್ತ ಓಲಾಡಿತು. ಇಳಿಸುತ್ತ ಬಂದಂತೆ ಗೆರೆ ಹಿಡಿದು ಓಡಿತು. ಆ ಸಂಜೆಯ ಖುಷಿ ಹೇಳತೀರದು!

ಈಗ ಸೇರುವವರಿಗೆ: ಯಾವ ವಿಷಯಕ್ಕೆ ಯಾವುದು ಮೊದಲು ಮುಗಿದಿರಬೇಕು ಅಂತ ಐದೂ ವರ್ಷದ ಪಟ್ಟಿ ಮೊದಲೇ ಬರೆದಿಟ್ಟುಕೊಳ್ಳಿ. ನಾನು ಒಂದನ್ನು ತಪ್ಪಿಸಿ, ಮುಂದಿನ ವರ್ಷದವರೆಗೆ ಕಾದೆ.

ಇನ್ನು 60 ದಿನಗಳ ಕೈಗಾರಿಕಾ ತರಬೇತಿ ಬಾಕಿ. ಅರ್ಜಿ ಹಾಕುತ್ತಿದ್ದೇನೆ. ಅಂದು ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.